ಲಾಕ್ ಹಿಡಿಯುವ ಮೊದಲು ಕೇಳಬೇಕಾದ ಪ್ರಶ್ನೆ: ಡ್ರೈವರ್‌ಗಳಲ್ಲಿ ಡೆಡ್‌ಲಾಕ್ ತಪ್ಪಿಸುವುದು ಹೇಗೆ?

ಮಾರ್ಚ್ ತಿಂಗಳ ಒಂದು ರಾತ್ರಿ ಪೆರ್ಲದ ಹತ್ತಿರ ಮಾವನ ಅಡಿಕೆ ತೋಟದಲ್ಲಿ ನೀರಿನ ವಾಲ್ವ್ ಮುಚ್ಚಲೇ ಇಲ್ಲ. ಮಣ್ಣಿನ ತೇವ ಅಳೆದು ವಾಲ್ವ್ ತೆರೆದು ಮುಚ್ಚುವ ಪುಟ್ಟ ಲಿನಕ್ಸ್ ಬೋರ್ಡನ್ನು ಅಲ್ಲಿ ಕೂರಿಸಿದವನು ನಾನು, ಅದರ ಡ್ರೈವರ್, ಅಂದರೆ ಸಾಧನಗಳನ್ನು ಆಪರೇಟಿಂಗ್ ಸಿಸ್ಟಮ್ಮಿಗೆ ಬೆಸೆಯುವ ಪ್ರೋಗ್ರಾಮ್, ಬರೆದವನೂ ನಾನೇ. ಬೆಳಗಾಗುವಾಗ ಮಾವ ಫೋನು ಮಾಡಿ, "ಎಂತ ಮಾರಾಯಾ, ನಿನ್ನ ಪೆಟ್ಟಿಗೆಯ ಲೈಟು ಉರಿಯುತ್ತಾ ಉಂಟು, ಕೆಲಸ ಮಾತ್ರ ಇಲ್ಲ" ಎಂದರು. ಟ್ಯಾಂಕಿನ ನೀರೆಲ್ಲ ಒಂದೇ ಸಾಲಿನ ಬುಡಗಳಿಗೆ ಹರಿದು ಖಾಲಿಯಾಗಿತ್ತು. ಬೇಸಿಗೆಯಲ್ಲಿ ಒಂದು ಟ್ಯಾಂಕ್ ನೀರು ಎಂದರೆ ಏನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೋರ್ಡು ಕೆಟ್ಟಿರಲಿಲ್ಲ, ಸೆನ್ಸರ್ ಕೆಟ್ಟಿರಲಿಲ್ಲ, ಕರೆಂಟೂ ಹೋಗಿರಲಿಲ್ಲ. ಡ್ರೈವರಿನ ಒಳಗೆ ಎರಡು ಕೆಲಸಗಳು ಒಂದನ್ನೊಂದು ಕಾಯುತ್ತ ನಿಂತುಬಿಟ್ಟಿದ್ದವು. ಅದಕ್ಕೇ ಡೆಡ್‌ಲಾಕ್ ಎನ್ನುವುದು.

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕಲಿತು, ಎಂಜಿನಿಯರಿಂಗ್ ಮುಗಿಸಿ, ಈಗ ಎಂಬೆಡೆಡ್ ಕೆಲಸಗಳಿಗೆ ಸೇರುತ್ತಿರುವ ಹುಡುಗ ಹುಡುಗಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಸಿ ಭಾಷೆ ಗೊತ್ತಿದ್ದು, ಒಂದು ಸಣ್ಣ ಡ್ರೈವರನ್ನಾದರೂ ತೆರೆದು ನೋಡಿದ್ದರೆ ಸಾಕು. ಉದಾಹರಣೆಗಳು ಲಿನಕ್ಸಿನವು. ಹೆಸರುಗಳು ಬೇರೆಯಾದರೂ ವಿಂಡೋಸ್ ಡ್ರೈವರುಗಳಲ್ಲೂ ತೊಡಕು ಇದೇ.

ಮೊದಲು ಪ್ರಶ್ನೆ

ಲಾಕ್ ಎಂದರೆ ಹಂಚಿಕೊಂಡ ಡೇಟಾವನ್ನು ಒಂದು ಸಲಕ್ಕೆ ಒಬ್ಬನೇ ಮುಟ್ಟುವಂತೆ ಕಾಪಾಡುವ ಬೀಗ. ಅದನ್ನು ಹಿಡಿಯುವ ಕೋಡಿನ ಪ್ರತಿಯೊಂದು ಸಾಲಿನ ಎದುರೂ ನಾನು ಈಗ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ಲಾಕನ್ನು ನಾನು ಬಿಡಬೇಕಾದರೆ ಅದಕ್ಕೂ ಮೊದಲು ಬೇರೆ ಯಾರ ಕೆಲಸ ಮುಗಿಯಬೇಕು? ಅವರಿಗೆ ಇದೇ ಲಾಕ್ ಬೇಕಾಗುತ್ತದೆಯೇ? ಮುಂದೆ ಬರುವ ಹೆಜ್ಜೆಗಳೆಲ್ಲ ಈ ಪ್ರಶ್ನೆಗೆ ಬೇರೆ ಬೇರೆ ಕಡೆಯಿಂದ ಉತ್ತರ ಹುಡುಕುವ ಕೆಲಸ.

ಕಾಲೇಜಿನ ಪಾಠದಲ್ಲಿ ಡೆಡ್‌ಲಾಕಿಗೆ ನಾಲ್ಕು ಷರತ್ತುಗಳನ್ನು ಹೇಳಿಕೊಡುತ್ತಾರೆ. 1971ರಲ್ಲಿ ಕಾಫ್‌ಮನ್, ಎಲ್ಫಿಕ್ ಮತ್ತು ಶೋಷಾನಿ ಬರೆದ ಪ್ರಬಂಧದಿಂದ ಪ್ರಸಿದ್ಧವಾದವು ಅವು. ವಸ್ತುವನ್ನು ಒಂದು ಸಲಕ್ಕೆ ಒಬ್ಬನೇ ಬಳಸಬೇಕು, ಒಂದನ್ನು ಹಿಡಿದುಕೊಂಡೇ ಇನ್ನೊಂದಕ್ಕೆ ಕಾಯಬೇಕು, ಹಿಡಿದವನ ಕೈಯಿಂದ ಕಿತ್ತುಕೊಳ್ಳುವಂತಿರಬಾರದು, ಕಾಯುವವರ ಸಾಲು ಸುತ್ತಿ ಬಂದು ಚಕ್ರವಾಗಬೇಕು. ನಾಲ್ಕೂ ಕೂಡಿದರೆ ಮಾತ್ರ ಡೆಡ್‌ಲಾಕ್. ಒಂದನ್ನು ಮುರಿದರೂ ಅದು ಆಗದು. ಡ್ರೈವರ್ ಬರೆಯುವವನ ಪಾಲಿಗೆ ಮೊದಲನೆಯದೂ ಮೂರನೆಯದೂ ಹೆಚ್ಚುಕಡಿಮೆ ಮುಚ್ಚಿದ ಬಾಗಿಲುಗಳು. ಸಾಧನದ ಒಂದು ರಿಜಿಸ್ಟರಿಗೆ ಇಬ್ಬರು ಒಟ್ಟಿಗೆ ಬರೆಯಲು ಬಿಡುವಂತಿಲ್ಲ, ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ಯಾರ ಕೈಯಿಂದಲೂ ಲಾಕ್ ಕಸಿದುಕೊಡುವುದಿಲ್ಲ. ಉಳಿದದ್ದು ಎರಡು ದಾರಿ: ಹಿಡಿದುಕೊಂಡು ಕಾಯದಿರುವುದು, ಚಕ್ರ ಆಗದಂತೆ ನೋಡಿಕೊಳ್ಳುವುದು.

ಹೆಜ್ಜೆ 1: ಕ್ರಮವನ್ನು ಕೋಡಿಗಿಂತ ಮೊದಲು ಬರೆಯಿರಿ

ತೋಟದ ಡ್ರೈವರಿನಲ್ಲಿ ಎರಡು ಮ್ಯೂಟೆಕ್ಸ್ (ಸಿಗುವ ತನಕ ಕಾಯುವವನನ್ನು ನಿದ್ರೆಗೆ ಕಳಿಸುವ ಲಾಕ್) ಇದ್ದವು. ಒಂದು ವಾಲ್ವಿನದು, ಇನ್ನೊಂದು ತೇವದ ಅಂಕಿಗಳನ್ನು ಇಟ್ಟುಕೊಳ್ಳುವ ಬಫರಿನದು. ವಾಲ್ವ್ ತೆರೆಯಲು ಆ್ಯಪ್ ಕೇಳಿದಾಗ ಡ್ರೈವರ್ ವಾಲ್ವ್ ಲಾಕ್ ಹಿಡಿಯುತ್ತಿತ್ತು, ಆಮೇಲೆ ಈಗಿನ ತೇವ ಎಷ್ಟೆಂದು ನೋಡಲು ಬಫರ್ ಲಾಕ್ ಹಿಡಿಯುತ್ತಿತ್ತು. ಹೊಸ ಅಂಕಿ ಬಂದಾಗ ಕರ್ನಲ್ ಹಿನ್ನೆಲೆಯಲ್ಲಿ ಓಡಿಸುವ ವರ್ಕ್ ಫಂಕ್ಷನ್ ಮಾತ್ರ ತದ್ವಿರುದ್ಧ: ಮೊದಲು ಬಫರ್ ಲಾಕ್, ತೇವ ಸಾಕಾಗಿದ್ದರೆ ಮುಚ್ಚಲು ವಾಲ್ವ್ ಲಾಕ್. ಬೇರೆ ಬೇರೆಯಾಗಿ ಓದಿದರೆ ಎರಡೂ ಸರಿ. ಒಂದು ಕಡೆಯವನು ಮೊದಲ ಲಾಕ್ ಹಿಡಿದು ಎರಡನೆಯದಕ್ಕೆ ಕೈಚಾಚುವ ಆ ಸಣ್ಣ ಸಂದಿಯಲ್ಲಿ ಇನ್ನೊಬ್ಬನೂ ತನ್ನ ಮೊದಲ ಲಾಕ್ ಹಿಡಿದರೆ ಮುಗಿಯಿತು. ಆ ಸಂದಿ ಕೆಲವೇ ಮೈಕ್ರೊಸೆಕೆಂಡುಗಳದ್ದು. ಆದ್ದರಿಂದಲೇ ನನ್ನ ಮೇಜಿನ ಮೇಲೆ ಮೂರು ವಾರ ಸರಾಗವಾಗಿ ನಡೆದದ್ದು ತೋಟಕ್ಕೆ ಹೋಗಿ ನಿಂತುಹೋಯಿತು. ಪರೀಕ್ಷೆಯಲ್ಲಿ ಹ್ಯಾಂಗ್ ಆಗಲಿಲ್ಲ ಎನ್ನುವುದು ಡೆಡ್‌ಲಾಕಿನ ವಿಷಯದಲ್ಲಿ ಸಾಕ್ಷಿಯೇ ಅಲ್ಲ.

ಪರಿಹಾರ ಹೀಗೆ. ಡ್ರೈವರಿನ ಎಲ್ಲ ಲಾಕುಗಳಿಗೂ ಒಂದು ಸಾಲು ಗೊತ್ತುಮಾಡಿ. ನನ್ನದರಲ್ಲಿ ವಾಲ್ವ್ ಮೊದಲು, ಬಫರ್ ಆಮೇಲೆ. ಎರಡೂ ಬೇಕಾದವರೆಲ್ಲ ಇದೇ ಸಾಲಿನಲ್ಲಿ ಹಿಡಿಯಬೇಕು, ಹಿಂದೆಮುಂದೆ ಆಗಬಾರದು. ಈ ಸಾಲನ್ನು ಫೈಲಿನ ತಲೆಯಲ್ಲಿ ಕಾಮೆಂಟಾಗಿ ಬರೆಯಿರಿ. ಪ್ರತಿಯೊಂದು ಲಾಕಿನ ಪಕ್ಕದಲ್ಲೂ ಅದು ಯಾವ ಯಾವ ವೇರಿಯಬಲ್‌ಗಳನ್ನು ಕಾಪಾಡುತ್ತದೆ ಎಂದು ಬರೆಯಿರಿ. ಲಾಕ್ ಇರುವುದು ಡೇಟಾ ಕಾಪಾಡಲು, ಫಂಕ್ಷನ್ ಕಾಪಾಡಲು ಅಲ್ಲ. ಇದನ್ನು ಮರೆತವರ ಲಾಕುಗಳು ಉದ್ದವಾಗುತ್ತ ಹೋಗುತ್ತವೆ, ಉದ್ದವಾದ ಲಾಕಿನೊಳಗೆ ಇನ್ನೊಂದು ಲಾಕ್ ನುಸುಳುತ್ತದೆ.

ಸಾಲಿಗೆ ವಿರುದ್ಧವಾಗಿ ಹೋಗಲೇಬೇಕಾದ ಜಾಗವೊಂದು ಬಂದರೆ? ನನ್ನ ವರ್ಕ್ ಫಂಕ್ಷನ್ ಅಂಥದ್ದೇ. ಅಲ್ಲಿ ಬಫರ್ ಲಾಕ್ ಹಿಡಿದು, ಬೇಕಾದ ಅಂಕಿಯನ್ನು ಒಂದು ಲೋಕಲ್ ವೇರಿಯಬಲ್ಲಿಗೆ ನಕಲು ಮಾಡಿ, ಲಾಕ್ ಬಿಟ್ಟುಬಿಟ್ಟೆ. ಆಮೇಲೆ ವಾಲ್ವ್ ಲಾಕ್ ಹಿಡಿದೆ. ಒಂದು ಎಚ್ಚರಿಕೆ ಬೇಕು: ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವ ನಡುವೆ ಲೋಕ ಬದಲಾಗಿರಬಹುದು. ವಾಲ್ವನ್ನು ಬೇರೆ ಯಾರೋ ಆಗಲೇ ಮುಚ್ಚಿರಬಹುದು. ಹಾಗಾಗಿ ಹಿಡಿದ ಮೇಲೆ ಸ್ಥಿತಿಯನ್ನು ಮತ್ತೆ ಪರಿಶೀಲಿಸಿಯೇ ಮುಂದುವರಿಯಬೇಕು.

ಹೆಜ್ಜೆ 2: ಇಂಟರಪ್ಟನ್ನು ಸುರಂಗದಂತೆ ನೋಡಿ

ಎಣ್ಮಕಜೆ, ಬಾಯಾರು ಕಡೆಯ ಗುಡ್ಡಗಳಲ್ಲಿ ಮುರಕಲ್ಲು ಕೊರೆದು ನೀರು ತರುವ ಸುರಂಗಗಳನ್ನು ನೋಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಸುರಂಗದಲ್ಲಿ ಒಬ್ಬ ಮಾತ್ರ ನಡೆಯಬಹುದು ಎಂದಿಟ್ಟುಕೊಳ್ಳಿ. ಒಳಗಿರುವವನ ಕೈಯಲ್ಲಿ ಪಿಕ್ಕಾಸು ಇದೆ. ಅವನು ಹೊರಬಂದು ಕಟ್ಟೆಯ ಮೇಲೆ ಇಟ್ಟರೆ ಮಾತ್ರ ಇನ್ನೊಬ್ಬ ತೆಗೆದುಕೊಳ್ಳಬಹುದು. ಈಗ ಇನ್ನೊಬ್ಬ ಅವಸರವಸರವಾಗಿ ಬಂದು ಸುರಂಗದ ಬಾಯಿಗೇ ಅಡ್ಡ ನಿಂತು, ಪಿಕ್ಕಾಸು ಸಿಗುವ ತನಕ ಕದಲುವುದಿಲ್ಲ ಎನ್ನುತ್ತಾನೆ. ಒಳಗಿನವನು ಹೊರಬರುವುದು ಹೇಗೆ?

ಸುರಂಗ ಎಂದರೆ ಇಲ್ಲಿ ಒಂದು ಸಿಪಿಯು. ನಿಮ್ಮ ಸಾಮಾನ್ಯ ಕೋಡು ಒಂದು ಸ್ಪಿನ್‌ಲಾಕ್ (ಸಿಗುವ ತನಕ ನಿದ್ರಿಸದೆ ಸುತ್ತುತ್ತಲೇ ಕಾಯುವ ಲಾಕ್) ಹಿಡಿದಿರುವಾಗ ಅದೇ ಸಿಪಿಯುವಿನ ಮೇಲೆ ಸಾಧನದ ಇಂಟರಪ್ಟ್, ಅಂದರೆ ಓಡುತ್ತಿರುವ ಕೋಡನ್ನು ತಡೆದು ನಿಲ್ಲಿಸುವ ಕರೆ, ಬರುತ್ತದೆ. ಆ ಕರೆಗೆ ಓಗೊಡುವ ಫಂಕ್ಷನ್ನಾದ ಹ್ಯಾಂಡ್ಲರ್ ಅದೇ ಲಾಕಿಗಾಗಿ ಗಿರಗಿರ ಸುತ್ತುತ್ತದೆ. ಹ್ಯಾಂಡ್ಲರ್ ಮುಗಿಯದೆ ಮೊದಲಿನ ಕೋಡು ಓಡದು, ಅದು ಓಡದೆ ಲಾಕ್ ಬಿಡದು. ಇಲ್ಲಿ ಎರಡು ಲಾಕ್ ಕೂಡ ಬೇಕಾಗಲಿಲ್ಲ, ಒಂದೇ ಸಾಕಾಯಿತು.

ಹಾಗಾಗಿ ಇಂಟರಪ್ಟ್ ಹ್ಯಾಂಡ್ಲರ್ ಮುಟ್ಟುವ ಸ್ಪಿನ್‌ಲಾಕನ್ನು ಬೇರೆ ಕಡೆ ಹಿಡಿಯುವಾಗ ಸ್ಪಿನ್ ಲಾಕ್ ಐಆರ್‌ಕ್ಯೂ ಸೇವ್ ಬಳಸಿ. ಅದು ಆ ಸಿಪಿಯುವಿನಲ್ಲಿ ಇಂಟರಪ್ಟುಗಳನ್ನು ತಡೆದು ಲಾಕ್ ಹಿಡಿಯುತ್ತದೆ, ಬಿಡುವಾಗ ಮೊದಲಿದ್ದ ಸ್ಥಿತಿಗೇ ಮರಳಿಸುತ್ತದೆ. ಹ್ಯಾಂಡ್ಲರಿನ ಒಳಗೆ ಸಾದಾ ಸ್ಪಿನ್ ಲಾಕ್ ಸಾಕು. ಎಲ್ಲ ಕಡೆಯೂ ಐಆರ್‌ಕ್ಯೂ ಸೇವ್ ಹಾಕಿ ನೆಮ್ಮದಿಯಿಂದಿರುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ಯಾವ ಲಾಕ್ ಇಂಟರಪ್ಟಿನೊಂದಿಗೆ ಹಂಚಿಕೆಯಾಗಿದೆ ಎಂದು ಬರೆದವನಿಗೇ ಗೊತ್ತಿಲ್ಲ ಎಂದು ಅದು ತೋರಿಸುತ್ತದೆ.

ಸ್ಪಿನ್‌ಲಾಕ್ ಹಿಡಿದಿರುವಾಗ ನಿದ್ರೆಗೆ ಹೋಗಬಹುದಾದ ಏನನ್ನೂ ಮಾಡಬಾರದು. ಮ್ಯೂಟೆಕ್ಸ್ ಹಿಡಿಯುವುದು, ಎಂಸ್ಲೀಪ್ ಕರೆದು ವಿರಮಿಸುವುದು, ಜಿಎಫ್‌ಪಿ ಕರ್ನಲ್ ಎಂಬ ಫ್ಲಾಗ್ ಕೊಟ್ಟು ಮೆಮೊರಿ ಪಡೆಯುವುದು ಎಲ್ಲವೂ ನಿದ್ರೆಯ ಗುಂಪಿನವು. ಮೆಮೊರಿಯನ್ನು ಲಾಕ್ ಹಿಡಿಯುವ ಮೊದಲೇ ತೆಗೆದಿಟ್ಟುಕೊಂಡರೆ ಆಯಿತು. ಡಿಸ್ಕ್ ಡ್ರೈವರ್ ಬರೆಯುವವರಿಗೆ ಇಲ್ಲಿ ಇನ್ನೊಂದು ಗುಂಡಿ ಇದೆ: ಮೆಮೊರಿ ಕಡಿಮೆಯಾದಾಗ ಕರ್ನಲ್ ಹಳೆಯ ಪುಟಗಳನ್ನು ಡಿಸ್ಕಿಗೆ ಬರೆದು ಜಾಗ ಮಾಡಲು ಹೊರಡುತ್ತದೆ, ಬರೆಯುವುದು ನಿಮ್ಮದೇ ಡ್ರೈವರಿನ ಮೂಲಕ. ನೀವು ಮೆಮೊರಿಗೆ ಕಾಯುತ್ತೀರಿ, ಮೆಮೊರಿ ನಿಮಗೆ ಕಾಯುತ್ತದೆ. ಡಿಸ್ಕಿಗೆ ಬರೆಯಲು ಹೊರಡದೆ ಮೆಮೊರಿ ಕೊಡು ಎಂದು ಕೇಳುವ ಜಿಎಫ್‌ಪಿ ನೋಐಓ ಎನ್ನುವ ಫ್ಲಾಗ್ ಇರುವುದು ಇದಕ್ಕಾಗಿ.

ಹೆಜ್ಜೆ 3: ನೀವು ಬರೆಯದ ಲಾಕನ್ನು ಹುಡುಕಿ

ಅನುಭವಿಗಳೂ ಎಡವುವುದು ಇಲ್ಲಿ. ನಿಮ್ಮ ಫೈಲಿನಲ್ಲಿ ಒಂದೇ ಮ್ಯೂಟೆಕ್ಸ್ ಇದೆ, ಆದ್ದರಿಂದ ಕ್ರಮದ ಪ್ರಶ್ನೆಯೇ ಇಲ್ಲ ಎಂದುಕೊಳ್ಳುತ್ತೀರಿ. ರೀಡ್ ಫಂಕ್ಷನ್ ಆ ಮ್ಯೂಟೆಕ್ಸ್ ಹಿಡಿದು, ಡೇಟಾವನ್ನು ಬಳಕೆದಾರನ ಪ್ರೋಗ್ರಾಮಿಗೆ ನಕಲಿಸುವ ಕಾಪಿ ಟು ಯೂಸರ್ ಕರೆಯುತ್ತದೆ. ಬಳಕೆದಾರನ ಆ ಪುಟ ಮೆಮೊರಿಯಲ್ಲಿ ಇಲ್ಲದಿದ್ದರೆ ಪೇಜ್ ಫಾಲ್ಟ್ ಆಗುತ್ತದೆ, ಅದನ್ನು ಸರಿಪಡಿಸಲು ಕರ್ನಲ್ ಆ ಪ್ರೋಸೆಸ್ಸಿನ ಮೆಮೊರಿ ನಕ್ಷೆಯನ್ನು ಕಾಪಾಡುವ ಎಂಮ್ಯಾಪ್ ಲಾಕ್ ಹಿಡಿಯಬೇಕಾಗಬಹುದು. ಅದೇ ಹೊತ್ತಿಗೆ ಆ ಪ್ರೋಸೆಸ್ಸಿನ ಇನ್ನೊಂದು ಥ್ರೆಡ್ ನಿಮ್ಮ ಸಾಧನವನ್ನು ಎಂಮ್ಯಾಪ್ ಮಾಡಲು, ಅಂದರೆ ಆ ನಕ್ಷೆಗೆ ಸೇರಿಸಲು, ಹೊರಟಿದೆ. ಕರ್ನಲ್ ಎಂಮ್ಯಾಪ್ ಲಾಕ್ ಹಿಡಿದುಕೊಂಡೇ ನಿಮ್ಮ ಎಂಮ್ಯಾಪ್ ಫಂಕ್ಷನ್ನನ್ನು ಕರೆಯುತ್ತದೆ, ಅಲ್ಲಿ ನೀವು ನಿಮ್ಮ ಮ್ಯೂಟೆಕ್ಸಿಗೆ ಕೈಚಾಚುತ್ತೀರಿ. ತೋಟದಲ್ಲಿ ಆದ ಚಕ್ರವೇ ಇದು, ಅರ್ಧ ಮಾತ್ರ ನಿಮ್ಮ ಕಣ್ಣಿಗೆ ಬೀಳದ ಕಡೆ ಇದೆ.

ನಾನು ಪಾಲಿಸುವ ನಿಯಮ: ಲಾಕ್ ಹಿಡಿದುಕೊಂಡು ಪರರ ಮನೆಗೆ ಹೋಗಬಾರದು. ಕಾಪಿ ಟು ಯೂಸರ್, ಮೇಲಿನ ಪದರಕ್ಕೆ ಕಾಲ್‌ಬ್ಯಾಕ್, ಇನ್ನೊಂದು ಸಬ್‌ಸಿಸ್ಟಮ್ಮಿಗೆ ನೋಂದಣಿ, ಇವೆಲ್ಲ ಪರರ ಮನೆಗಳು. ಒಳಗೆ ಯಾವ ಬೀಗಗಳಿವೆಯೋ ನಮಗೆ ಕಾಣದು. ಡೇಟಾವನ್ನು ಲಾಕಿನೊಳಗೆ ನಕಲು ಮಾಡಿ, ಲಾಕ್ ಬಿಟ್ಟು, ಆಮೇಲೆ ಹೊರಡಿ.

ಹೆಜ್ಜೆ 4: ನಿಲ್ಲಿಸುವಾಗ ಅವಸರ ಬೇಡ

ಡ್ರೈವರನ್ನು ಇಳಿಸುವ ಕೋಡನ್ನು ಎಲ್ಲರೂ ಕೊನೆಗೆ, ಸುಸ್ತಾದ ಮೇಲೆ ಬರೆಯುತ್ತಾರೆ. ಕ್ಯಾನ್ಸಲ್ ವರ್ಕ್ ಸಿಂಕ್, ಟೈಮರ್ ಡಿಲೀಟ್ ಸಿಂಕ್, ಫ್ರೀ ಐಆರ್‌ಕ್ಯೂ ಮುಂತಾದವು ಓಡುತ್ತಿರುವ ಕೆಲಸ ಮುಗಿಯುವ ತನಕ ಕಾಯುತ್ತವೆ. ಆ ಕೆಲಸಕ್ಕೆ ಬೇಕಾದ ಲಾಕನ್ನು ಕೈಯಲ್ಲಿಟ್ಟುಕೊಂಡು ಇವನ್ನು ಕರೆದರೆ ಅದು ಮುಗಿಯುವುದೇ ಇಲ್ಲ. ಮೊದಲ ಪ್ರಶ್ನೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಲಾಕಿನೊಳಗೆ 'ನಿಲ್ಲಿಸುತ್ತಿದ್ದೇನೆ' ಎಂಬ ಫ್ಲಾಗ್ ಮಾತ್ರ ಎತ್ತಿ, ಲಾಕ್ ಬಿಟ್ಟು, ಆಮೇಲೆ ಕಾಯಿರಿ. ಅನುಕ್ರಮವೂ ಮುಖ್ಯ: ಮೊದಲು ಸಾಧನದಲ್ಲೇ ಇಂಟರಪ್ಟ್ ನಿಲ್ಲಿಸಿ, ಆಮೇಲೆ ಫ್ರೀ ಐಆರ್‌ಕ್ಯೂ, ಅದಾದ ಮೇಲೆ ವರ್ಕ್. ಇಲ್ಲವಾದರೆ ನೀವು ರದ್ದು ಮಾಡಿದ ವರ್ಕನ್ನು ಕೊನೆಯ ಇಂಟರಪ್ಟ್ ಮತ್ತೆ ಸಾಲಿಗೆ ಸೇರಿಸುತ್ತದೆ. ಡಿಸೇಬಲ್ ಐಆರ್‌ಕ್ಯೂ ಕೂಡ ಹ್ಯಾಂಡ್ಲರಿಗಾಗಿ ಕಾಯುವಂಥದ್ದು, ಹ್ಯಾಂಡ್ಲರಿನ ಒಳಗಿಂದಲೇ ಕರೆದರೆ ತನ್ನನ್ನು ತಾನೇ ಕಾಯುತ್ತದೆ. ಅಲ್ಲಿ ಕಾಯದೆ ಮರಳುವ ನೋಸಿಂಕ್ ರೂಪ ಬಳಸಿ.

ತಪ್ಪು ಬಂದಾಗ ಅರ್ಧದಿಂದ ಹಿಂದಿರುಗುವ ದಾರಿಗಳಲ್ಲಿ ಲಾಕ್ ಬಿಡಲು ಮರೆಯುವುದೂ ಉಂಟು. ಇದು ಚಕ್ರವಲ್ಲ, ಆದರೆ ಮುಂದೆ ಬರುವವನಿಗೆ ಫಲ ಒಂದೇ. 2023ರಲ್ಲಿ ಕರ್ನಲ್ಲಿನ 6.5ನೆಯ ಆವೃತ್ತಿಗೆ ಸೇರಿದ ಗಾರ್ಡ್ ಮ್ಯಾಕ್ರೋಗಳು ಫಂಕ್ಷನ್ನಿನಿಂದ ಹೇಗೆ ಹೊರಬಂದರೂ ಲಾಕನ್ನು ತಾವೇ ಬಿಡಿಸುತ್ತವೆ. ಹೊಸ ಡ್ರೈವರ್ ಬರೆಯುವವರು ಅವನ್ನೇ ರೂಢಿಮಾಡಿಕೊಳ್ಳಿ.

ಹೆಜ್ಜೆ 5: ಲಾಕ್‌ಡೆಪ್ ಹಚ್ಚಿ

ಲಾಕ್ ಹಿಡಿಯುವ ಕ್ರಮವನ್ನು ಪರಿಶೀಲಿಸುವ, ಇಂಗೊ ಮೋಲ್ನಾರ್ ಬರೆದ ಲಾಕ್‌ಡೆಪ್ 2006ರಲ್ಲಿ 2.6.18ನೆಯ ಕರ್ನಲ್ಲಿಗೆ ಸೇರಿತು. ಡ್ರೈವರ್ ಬರೆಯುವವರಿಗೆ ಇದಕ್ಕಿಂತ ಉಪಕಾರಿಯಾದ ಸಲಕರಣೆ ನನಗೆ ಗೊತ್ತಿಲ್ಲ. ಹ್ಯಾಂಗ್ ಆಗುವ ತನಕ ಅದು ಕಾಯುವುದೇ ಇಲ್ಲ. ಯಾವ ಲಾಕಿನ ಒಳಗೆ ಯಾವ ಲಾಕ್ ಹಿಡಿದಿರಿ ಎಂದು ನೆನಪಿಟ್ಟುಕೊಳ್ಳುತ್ತ ಹೋಗುತ್ತದೆ. ಸೋಮವಾರ ವಾಲ್ವಿನ ಒಳಗೆ ಬಫರ್, ಗುರುವಾರ ಬಫರಿನ ಒಳಗೆ ವಾಲ್ವ್ ಹಿಡಿದರೂ ಸರಿ, ನಡುವೆ ಬೋರ್ಡ್ ರೀಬೂಟ್ ಆಗಿರದಿದ್ದರೆ ಚಕ್ರ ಕೂಡಿತೆಂದು ಆಗಲೇ ಎಚ್ಚರಿಸುತ್ತದೆ. ಇಂಟರಪ್ಟಿನಲ್ಲಿ ಹಿಡಿದ ಲಾಕನ್ನು ಬೇರೆ ಕಡೆ ಇಂಟರಪ್ಟ್ ತಡೆಯದೆ ಹಿಡಿದರೂ ಹೇಳುತ್ತದೆ. ತೋಟದಿಂದ ತಂದ ಬೋರ್ಡಿನಲ್ಲಿ ಇದನ್ನು ಹಚ್ಚಿದಾಗ, ಆ್ಯಪಿನಿಂದ ಒಂದು ಸಲ ವಾಲ್ವ್ ತೆರೆದು ಒಂದು ಸಲ ತೇವ ತುಂಬಲು ಬಿಟ್ಟದ್ದಷ್ಟೆ, ಎರಡು ಲಾಕುಗಳ ಹೆಸರೂ ಹಿಡಿದ ಜಾಗಗಳೂ ಪರದೆಯ ಮೇಲೆ ಬಂದವು.

ಕರ್ನಲ್ ಕಟ್ಟುವಾಗ ಪ್ರೂವ್ ಲಾಕಿಂಗ್ ಮತ್ತು ಡೀಬಗ್ ಅಟಾಮಿಕ್ ಸ್ಲೀಪ್ ಎಂಬ ಎರಡು ಆಯ್ಕೆಗಳನ್ನು ಒತ್ತಿದರೆ ಸಾಕು. ವೇಗ ಕಡಿಮೆಯಾಗುವುದರಿಂದ ಇದು ಪರೀಕ್ಷೆಗೆ ಮಾತ್ರ. ಲಾಕ್‌ಡೆಪ್ ಓಡಿದ ದಾರಿಗಳನ್ನಷ್ಟೇ ಬಲ್ಲದು. ಆದ್ದರಿಂದ ಓಡದ ದಾರಿಗಳನ್ನು ಬೇಕೆಂದೇ ಓಡಿಸಿ. ಓದುತ್ತಿರುವಾಗಲೇ ಸಾಧನದ ವಯರು ಕೀಳಿ, ಮಾಡ್ಯೂಲನ್ನು ನೂರಾರು ಸಲ ಹತ್ತಿಸಿ ಇಳಿಸಿ, ಸಸ್ಪೆಂಡ್ ಮಾಡಿ ಎಬ್ಬಿಸಿ. ಮೊದಲ ಎಚ್ಚರಿಕೆ ಕೊಟ್ಟ ಮೇಲೆ ಅದು ಸುಮ್ಮನಾಗಿಬಿಡುತ್ತದೆ, ಹಾಗಾಗಿ ಒಂದನ್ನು ಸರಿಪಡಿಸಿ ರೀಬೂಟ್ ಮಾಡಿ ಮತ್ತೆ ಓಡಿಸಬೇಕು. ಎಚ್ಚರಿಕೆ ಸುಳ್ಳೆಂದು ತೋರಿದರೆ ಬಾಯಿ ಮುಚ್ಚಿಸುವ ಮೊದಲು ಒಂದು ದಿನ ಕೂತು ಯೋಚಿಸಿ. ನನ್ನ ಮಟ್ಟಿಗೆ ಅದು ಹೆಚ್ಚಾಗಿ ಸರಿಯಾಗಿಯೇ ಇತ್ತು.

ಟ್ರೈಲಾಕ್ ಹಾಕಿ ಸಿಗದಿದ್ದರೆ ಬಿಟ್ಟು ಮತ್ತೆ ಪ್ರಯತ್ನಿಸಿದರಾಗದೇ ಎಂದು ಕೇಳುವವರಿದ್ದಾರೆ. ಇಬ್ಬರೂ ಹಿಡಿದು, ಬಿಟ್ಟು, ಮತ್ತೆ ಹಿಡಿಯುತ್ತ ಯಾರೂ ಮುಂದೆ ಹೋಗದ ಸ್ಥಿತಿ ಬರಬಹುದು. ಕ್ರಮವನ್ನು ಮೊದಲೇ ಗೊತ್ತುಮಾಡಲು ನಿಜಕ್ಕೂ ಆಗದ ಗ್ರಾಫಿಕ್ಸ್ ಬಫರುಗಳಂಥ ಕಡೆಗೆಂದು ಕರ್ನಲ್ಲಿನಲ್ಲಿ ಡಬ್ಲ್ಯುಡಬ್ಲ್ಯು ಮ್ಯೂಟೆಕ್ಸ್ ಇದೆ. ವಾಲ್ವಿಗೆ ಅದು ಬೇಡ.

ಆದರೂ ನಿಂತುಹೋದರೆ

ಸಿಟ್ಟಿನಿಂದ ಕರೆಂಟ್ ತೆಗೆಯಬೇಡಿ, ಸಾಕ್ಷಿಯೆಲ್ಲ ಹೋಗುತ್ತದೆ. ಸೀರಿಯಲ್ ಕನ್ಸೋಲ್ ಜೋಡಿಸಿ. ಹಂಗ್ ಟಾಸ್ಕ್ ಪತ್ತೆ ಚಾಲೂ ಇದ್ದರೆ 120 ಸೆಕೆಂಡುಗಳಿಗಿಂತ ಹೆಚ್ಚು ಕಾಯುತ್ತಿರುವ ಕೆಲಸಗಳನ್ನು ಕರ್ನಲ್ ತಾನೇ ಹೆಸರಿಸುತ್ತದೆ. ಕರ್ನಲ್ಲಿಗೆ ನೇರ ಆಜ್ಞೆ ಕೊಡುವ ಸಿಸ್‌ರಿಕ್ವೆಸ್ಟಿನ ಡಬ್ಲ್ಯು ಕೀಲಿ ಸಿಕ್ಕಿಬಿದ್ದವರ ಪಟ್ಟಿ ಕೊಡುತ್ತದೆ. ಲಾಕ್‌ಡೆಪ್ ಇದ್ದರೆ ಡಿ ಕೀಲಿ ಯಾರ ಕೈಯಲ್ಲಿ ಯಾವ ಲಾಕ್ ಇದೆ ಎಂದು ಹೇಳುತ್ತದೆ. ಎರಡನ್ನೂ ಕಾಗದದ ಮೇಲೆ ಬಾಣ ಎಳೆದು ಜೋಡಿಸಿದರೆ ಚಕ್ರ ಕಾಣುತ್ತದೆ. ಚಕ್ರ ಕಾಣದಿದ್ದರೆ ಅದು ಡೆಡ್‌ಲಾಕ್ ಅಲ್ಲದಿರಬಹುದು. ಸಿಡಿಲಿಗೆ ಸತ್ತ ಸೆನ್ಸರಿನ ಉತ್ತರಕ್ಕಾಗಿ ಡ್ರೈವರ್ ಅನಂತಕಾಲ ಕಾಯುತ್ತಿರಬಹುದು. ಯಂತ್ರದ ಉತ್ತರಕ್ಕೆ ಕಾಯುವಲ್ಲೆಲ್ಲ ಟೈಮ್‌ಔಟ್ ಇರುವ ರೂಪವನ್ನೇ ಬಳಸಬೇಕು.

ಮಾವನ ತೋಟದ ಬೋರ್ಡಿಗೆ ಈಗ ಬೋರ್ಡು ನಿಂತುಹೋದರೆ ರೀಬೂಟ್ ಮಾಡುವ ಹಾರ್ಡ್‌ವೇರ್ ವಾಚ್‌ಡಾಗ್ ಕೂಡ ಇದೆ, ವಾಲ್ವನ್ನು ಕರೆಂಟ್ ಹೋದರೆ ತಾನಾಗಿ ಮುಚ್ಚುವ ಜಾತಿಯದಕ್ಕೆ ಬದಲಾಯಿಸಿದ್ದೇನೆ. ಡ್ರೈವರ್ ಫೈಲಿನ ಮೊದಲ ಸಾಲಿನಲ್ಲಿ ಹೀಗೆ ಬರೆದಿದೆ: ವಾಲ್ವ್ ಮೊದಲು, ಬಫರ್ ಆಮೇಲೆ.