ಹೊಳೆ ಬಂದ ವರ್ಷ ಮಕ್ಕಳಾಗಿದ್ದವರ ನೆನಪು: ಕೇಳುವುದು, ದಾಖಲಿಸುವುದು ಹೇಗೆ

2009ರ ನೆರೆಯ ಹೊತ್ತಿಗೆ ಮಲಪ್ರಭೆ, ಘಟಪ್ರಭೆ ದಂಡೆಯಲ್ಲಿ ಎಂಟು-ಹತ್ತು ವರ್ಷದವರಾಗಿದ್ದವರು ಈಗ ದುಡಿಯುವ ವಯಸ್ಸಿಗೆ ಬಂದಿದ್ದಾರೆ. 1974ರ ನೇತ್ರಾವತಿ ನೆರೆಯನ್ನು ಬಂಟ್ವಾಳದ ಕಡೆ ಮಕ್ಕಳಾಗಿ ಕಂಡವರು ಅರವತ್ತರ ಆಚೀಚೆ ಇದ್ದಾರೆ. ದೊಡ್ಡವರ ಮಾತು ಅರ್ಜಿಯಲ್ಲೋ ಪಂಚನಾಮೆಯಲ್ಲೋ ಅಷ್ಟಿಷ್ಟು ಉಳಿದಿರುತ್ತದೆ. ಮಕ್ಕಳು ಕಂಡದ್ದನ್ನು ಮಾತ್ರ ಆಗ ಯಾರೂ ಬರೆದುಕೊಳ್ಳಲಿಲ್ಲ.

ಮೊದಲು ಅವರ ಮಾತು ಹಿಡಿಯಿರಿ. ಬೆಳಗಾವಿ, ಬಾಗಲಕೋಟೆ ಕಡೆ 'ಹೊಳಿ ಬಂತು' ಅಂತಾರೆ. ತುಳು ಮನೆಗಳಲ್ಲಿ ಅದು 'ಬೊಳ್ಳ'. 'ಪ್ರವಾಹದ ಅನುಭವ ಹೇಳಿ' ಎಂದು ಕೇಳಿದರೆ ಪತ್ರಿಕೆಯಲ್ಲಿ ಓದಿದ್ದನ್ನೇ ಹೇಳುತ್ತಾರೆ. 'ಹೊಳಿ ಬಂದ ರಾತ್ರಿ ನೀವು ಯಾವ ಕೋಣ್ಯಾಗ ಮಲಗಿದ್ರಿ?' ಎಂದರೆ ಕೋಣೆ, ಹಾಸಿಗೆ, ಪಕ್ಕದಲ್ಲಿದ್ದ ತಂಗಿ ಎಲ್ಲ ಒಟ್ಟಿಗೆ ಬರುತ್ತವೆ.

ಫೋನ್ ಸಾಕು. ಏರೋಪ್ಲೇನ್ ಮೋಡ್‌ಗೆ ಹಾಕಿ, ಮಡಚಿದ ಟವೆಲ್ ಮೇಲೆ, ಮಾತಾಡುವವರಿಂದ ಒಂದೂವರೆ ಅಡಿ ದೂರದಲ್ಲಿಡಿ. ಬರೀ ಮೇಜಿನ ಮೇಲಿಟ್ಟರೆ ಕೈ ತಾಗಿದ ಸದ್ದೆಲ್ಲ ಮಾತಿಗಿಂತ ಜೋರಾಗಿ ಕೇಳುತ್ತದೆ. ಫ್ಯಾನ್ ಆರಿಸಿ. ತಗಡಿನ ಮನೆಯಾದರೆ ಮಳೆ ಬರುವ ದಿನ ಹೋಗಲೇಬೇಡಿ: ಸದ್ದಿನ ಕಾಟ ಒಂದು, ಆ ಸದ್ದಿಗೇ ಕೆಲವರಿಗೆ ಎದೆ ನಡುಗುವುದು ಇನ್ನೊಂದು. ಸದ್ದನ್ನು ಕುಗ್ಗಿಸದೆ ಉಳಿಸುವ ವೇವ್ (WAV) ಫಾರ್ಮ್ಯಾಟ್‌ನಲ್ಲಿ ಒಂದು ಗಂಟೆಗೆ 300 ಎಂಬಿಗೂ ಹೆಚ್ಚು ಬೇಕು, ಜಾಗ ಮೊದಲೇ ನೋಡಿಕೊಳ್ಳಿ. 50 ನಿಮಿಷಕ್ಕಿಂತ ಹೆಚ್ಚು ಎಳೆಯಬೇಡಿ. ಇನ್ನೊಂದು ದಿನ ಹೋದರಾಯಿತು.

ಸಾವಿನಿಂದ ಶುರು ಮಾಡಬಾರದು, ವಸ್ತುಗಳಿಂದ ಶುರು ಮಾಡಿ. ಪಾಟಿಚೀಲ ಎಲ್ಲಿತ್ತು, ದನದ ಹಗ್ಗ ಬಿಚ್ಚಿದವರು ಯಾರು, ಗಂಜಿ ಕೇಂದ್ರದಲ್ಲಿ ಮೊದಲ ದಿನ ಏನು ಉಣ್ಣಲು ಕೊಟ್ಟರು, ಯಾರ ಅಂಗಿ ಹಾಕಿಕೊಂಡಿರಿ. ವಾಸನೆ ಕೇಳುವುದನ್ನು ಮರೆಯಬೇಡಿ. ಹಗೇವಿಗೆ (ಕಾಳು ತುಂಬಿಡುವ ನೆಲದೊಳಗಿನ ಗುಂಡಿಗೆ) ನೀರು ಹೊಕ್ಕು ಜೋಳ ಕೊಳೆತರೆ ಬರುವ ಹುಳಿ ನಾತ ಮೂಗಿಗೆ ಬಡಿದವರು ಅದನ್ನು ಮರೆಯುವುದಿಲ್ಲ. ಅಲ್ಲಿಂದ ಆ ಜೋಳ ಎಷ್ಟು ಚೀಲ, ಆ ವರ್ಷ ಮನೆ ಹೇಗೆ ನಡೆಯಿತು ಎಂಬ ಲೆಕ್ಕವೂ ಹೊರಬರುತ್ತದೆ. 'ಹೆದರಿಕೆ ಆಯ್ತಾ?' ಎಂಬ ಪ್ರಶ್ನೆಗೆ 'ಹೌದು' ಬಿಟ್ಟು ಬೇರೆ ಉತ್ತರ ಸಿಗುವುದಿಲ್ಲ.

ಹೆಚ್ಚು ಎಡವಟ್ಟಾಗುವುದು ನೀರಿನ ಎತ್ತರದಲ್ಲಿ. 'ಎದೆಮಟ್ಟ ನೀರು' ಎಂದಾಗ ಯಾರ ಎದೆ ಎಂದು ಕೇಳಲೇಬೇಕು. ಎಂಟು ವರ್ಷದ ಮಗುವಿನ ಎತ್ತರ ಸುಮಾರು ನಾಲ್ಕು ಅಡಿ. ಅದರ ಎದೆಮಟ್ಟ ಮೂರು ಅಡಿಗೂ ತುಸು ಕಡಿಮೆ. ಅಪ್ಪನ ಎದೆಮಟ್ಟವಾದರೆ ನಾಲ್ಕು ಅಡಿ. ಹಳೆ ಮನೆ ಇನ್ನೂ ನಿಂತಿದ್ದರೆ ಕರೆದುಕೊಂಡು ಹೋಗಿ: ದೀಪದ ಗೂಡು ಮುಳುಗಿತ್ತಾ, ಕಟ್ಟೆಯ ಎಷ್ಟನೇ ಮೆಟ್ಟಿಲು? ಅವರು ಬೆರಳಿಟ್ಟ ಜಾಗದಿಂದ ನೆಲದವರೆಗೆ ಟೇಪ್ ಹಿಡಿದು ಬರೆದುಕೊಳ್ಳಿ. ಮನೆ ಬಿದ್ದಿದ್ದರೆ, ಹೊಳೆ ನುಗ್ಗಿ ಬಿತ್ತೋ ಮಳೆಗೆ ನೆನೆದು ಬಿತ್ತೋ ಬೇರೆ ಮಾಡಿ ಕೇಳಿ. ಮಣ್ಣಿನ ಮಾಳಿಗೆ ಮನೆಯಲ್ಲಿ ಮೇಲ್ಮುದ್ದೆ (ಚಾವಣಿಯ ಮೇಲಿನ ಮಣ್ಣು) ನೀರು ಕುಡಿದು ಭಾರವಾಗುತ್ತದೆ, ಗೋಡೆಯ ಬುಡ ಮೆತ್ತಗಾಗುತ್ತದೆ; ಹೊಳೆಯಿಂದ ದೂರವಿದ್ದರೂ ಎರಡು-ಮೂರು ದಿನದ ಜಡಿಮಳೆಗೆ ಕುಸಿಯುತ್ತದೆ. ಮಗುವಿನ ನೆನಪಿನಲ್ಲಿ ಎರಡೂ 'ಹೊಳಿ ಬಂದು ಮನಿ ಬಿತ್ತು' ಎಂದೇ ಉಳಿದಿರುತ್ತದೆ.

ತಾರೀಖು ಕೇಳಬೇಡಿ, ಮಳೆ ನಕ್ಷತ್ರ ಮತ್ತು ಹಬ್ಬ ಕೇಳಿ. 'ಬನ್ನಿ ಹಬ್ಬ ಆಗಿತ್ತು, ಹಸ್ತ ಮಳಿ' ಎಂದರೆ 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲು. ನಾಗರ ಪಂಚಮಿ, ಆಶ್ಲೇಷ ಎಂದರೆ 2019ರ ಆಗಸ್ಟ್ ನೆರೆ. ತುಳುವರ ಆಟಿ ತಿಂಗಳು ಎಂದರೆ 1974ರ ಜುಲೈ ಕೊನೆಗೆ ಹೊಂದುತ್ತದೆ. ಭೂಕಂಪದ ನೆನಪಿಗೂ ಇದೇ ದಾರಿ: ಬೀದರ್, ಕಲಬುರಗಿ ಕಡೆಯವರು 'ಗಣಪತಿ ಕಳಿಸಿ ಬಂದು ಮಲಗಿದ್ವಿ' ಎಂದರೆ ಅದು 1993ರ ಸೆಪ್ಟೆಂಬರ್ 30ರ ನಸುಕು, ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪ.

ನೆನಪುಗಳು ಒಂದರೊಳಗೊಂದು ಬೆರೆತಿರುತ್ತವೆ. 1974 ಕಂಡವರು ಅಜ್ಜಿ ಹೇಳಿದ 1923ರ 'ಮಾರಿ ಬೊಳ್ಳ'ದ ಸಂಗತಿಯನ್ನೂ ತಮ್ಮದೆಂಬಂತೆ ಹೇಳಬಹುದು. 2009ರ ಮಕ್ಕಳು 2019ರ ದೃಶ್ಯ ಸೇರಿಸಬಹುದು. ತಿದ್ದಲು ಹೋಗಬೇಡಿ, ಮಾತೇ ನಿಂತುಬಿಡುತ್ತದೆ. ಕೊನೆಯಲ್ಲಿ ಮೆಲ್ಲಗೆ 'ಇದು ನೀವೇ ನೋಡಿದ್ದಾ, ಮನೇಲಿ ಹೇಳಿ ಕೇಳಿದ್ದಾ?' ಎಂದು ಕೇಳಿ, ಬರಹದಲ್ಲಿ 'ಕಂಡದ್ದು', 'ಕೇಳಿದ್ದು' ಎಂದು ಗುರುತು ಹಾಕಿ. ಆಗ ಮೂರು ವರ್ಷಕ್ಕಿಂತ ಚಿಕ್ಕವರಿದ್ದರೆ ಬಹುಪಾಲು ಕೇಳಿದ್ದೇ. ಅದನ್ನೂ ಬಿಸಾಡಬೇಡಿ, ಮನೆಯವರು ಯಾವುದನ್ನು ಮತ್ತೆ ಮತ್ತೆ ಹೇಳಿದರೆಂಬುದು ಅದರಿಂದ ತಿಳಿಯುತ್ತದೆ.

ಮಾತು ನಿಂತು ಕಣ್ಣು ತುಂಬಿದರೆ ಮುಂದಿನ ಪ್ರಶ್ನೆಗೆ ಹಾರಬೇಡಿ. ಸುಮ್ಮನೆ ಕೂತಿರಿ, ನೀರು ಕೊಡಿ, 'ರೆಕಾರ್ಡಿಂಗ್ ನಿಲ್ಲಿಸಲಾ?' ಎಂದು ಕೇಳಿ. ನಿದ್ದೆ ಬರುತ್ತಿಲ್ಲ, ಮಳೆ ಎಂದರೆ ಈಗಲೂ ಆಗದು ಎನ್ನುವವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಬರೆದುಕೊಡಿ. ಅದಕ್ಕೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಒಪ್ಪಿಗೆ ಎರಡು ಸಲ ಪಡೆಯಿರಿ, ಮೊದಲೂ ಕೊನೆಯಲ್ಲೂ. ಕೊನೆಯದೇ ನಿಜವಾದದ್ದು, ತಾವು ಏನು ಹೇಳಿದೆವೆಂದು ಅಷ್ಟೊತ್ತಿಗೆ ಅವರಿಗೆ ಗೊತ್ತಿರುತ್ತದೆ.

ಬರೆದಿಳಿಸಲು ಒಂದು ಗಂಟೆಯ ಮಾತಿಗೆ ಐದಾರು ಗಂಟೆ ಹಿಡಿಯುತ್ತದೆ. 'ಹೊಳಿ ಬಂತು' ಎಂದದ್ದನ್ನು 'ಪ್ರವಾಹ ಉಂಟಾಯಿತು' ಎಂದು ಇಸ್ತ್ರಿ ಮಾಡಬೇಡಿ. ಫೈಲಿಗೆ ಊರು, ಆಗಿನ ವಯಸ್ಸು, ದಾಖಲಿಸಿದ ದಿನ ಸೇರಿಸಿ ಹೆಸರಿಡಿ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿ, ಇನ್ನೊಂದು ಬೇರೆ ಮನೆಯಲ್ಲಿ, ಅದೂ ಹೊಳೆ ಏರದ ಊರಿನ ಮನೆಯಲ್ಲಿ.