ಜೀರುಂಡೆ ಅಂದುಕೊಂಡಿದ್ದ ಕಪ್ಪೆ

ಮಣಿಪಾಲದ ಸುತ್ತಿನ ಮುರಕಲ್ಲಿನ (ಲ್ಯಾಟರೈಟ್) ಪದವುಗಳಲ್ಲಿ, ಅಂದರೆ ಎತ್ತರದ ಕಲ್ಲುಬಯಲುಗಳಲ್ಲಿ, ಮಳೆಗಾಲದ ರಾತ್ರಿ ಹುಲ್ಲಿನ ಬುಡದಿಂದ ಒಂದು ಸದ್ದು ಕೇಳುತ್ತದೆ. ಜೀರುಂಡೆ ಇರಬೇಕೆಂದು ನಾವು ಸುಮ್ಮನಾಗುತ್ತೇವೆ. ಅದು ಕಪ್ಪೆ. 2016ರಲ್ಲಿ ವಿಜ್ಞಾನಿಗಳು ಅದಕ್ಕೆ ಮೈಕ್ರೋಹೈಲಾ ಲ್ಯಾಟರೈಟ್ ಎಂದು ಹೆಸರಿಟ್ಟರು. ಅದು ಬದುಕುವ ಕಲ್ಲಿನ ಹೆಸರನ್ನೇ ಕೊಟ್ಟದ್ದು ಆ ನೆಲವನ್ನೂ ಜನ ಗಮನಿಸಲಿ ಅಂತ.

ಅದರ ಬಗ್ಗೆ ನಾನು ಬರೆದ ಮೊದಲ ಲೇಖನ ಕುಲ, ಪ್ರಭೇದ, ಬೆನ್ನಿನ ಕಪ್ಪು ಗುರುತುಗಳಿಂದ ಶುರುವಾಗಿತ್ತು. ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ ಬಂದ ರೂಢಿ. ಕಳಿಸುವ ಮುಂಚೆ ದೊಡ್ಡಮ್ಮನಿಗೆ ಓದಿ ಹೇಳಿದೆ. ‘1.6 ಸೆಂಟಿಮೀಟರ್’ ಅನ್ನುವಲ್ಲಿ ತಡೆದರು.

"ಅಂದ್ರೆ ಎಷ್ಟಾಯ್ತು ಮಗಾ?"

ಅಂಗಳದಲ್ಲಿ ಒಣಗಲು ಹಾಕಿದ್ದ ಗೇರುಬೀಜ ಒಂದನ್ನು ಎತ್ತಿ, ಇದಕ್ಕಿಂತಲೂ ಚಿಕ್ಕದು ಅಂದೆ.

"ಇಷ್ಟು ಚಿಕ್ಕದಕ್ಕೆ ಅಷ್ಟು ಸ್ವರ ಎಲ್ಲಿಂದ?"

ನನ್ನ ಮೂರು ಪುಟಗಳಲ್ಲಿ ಇದಕ್ಕೆ ಉತ್ತರವೇ ಇರಲಿಲ್ಲ. ಎಲ್ಲವನ್ನೂ ಬಿಟ್ಟು ಆ ಪ್ರಶ್ನೆಯಿಂದ ಮತ್ತೆ ಬರೆದೆ. ಗಂಡು ಕಪ್ಪೆ ಬಾಯಿ ಮುಚ್ಚಿಕೊಂಡೇ ಕೂಗುತ್ತದೆ. ಶ್ವಾಸಕೋಶದ ಗಾಳಿಯನ್ನು ಗಂಟಲಿನ ಚೀಲಕ್ಕೆ ನೂಕುವಾಗ ನಡುವಿನ ಧ್ವನಿತಂತುಗಳು ಕಂಪಿಸುತ್ತವೆ. ಬಲೂನಿನಂತೆ ಉಬ್ಬಿದ ಚೀಲ ಸದ್ದನ್ನು ಸುತ್ತಲೂ ಹರಡುತ್ತದೆ. ಅದೇ ಗಾಳಿ ಹಿಂದಕ್ಕೆ ಹೋಗಿ ಮುಂದಿನ ಕೂಗಿಗೆ ಒದಗುತ್ತದೆ. ಇಷ್ಟೆಲ್ಲ ಶ್ರಮ ಒಂದು ಹೆಣ್ಣಿಗೆ ಕೇಳಿಸಲಿ ಅಂತ.

ಅಂದಿನಿಂದ ಬರೆದದ್ದನ್ನು ಮೊದಲು ಮನೆಯಲ್ಲಿ ಗಟ್ಟಿಯಾಗಿ ಓದುತ್ತೇನೆ. ಕೇಳುವವರು ಎಲ್ಲಿ ತಡೆಯುತ್ತಾರೋ ಅಲ್ಲಿ ಲೇಖನ ಶುರುವಾಗಬೇಕು ಅಂತ ನನಗೆ ಅನ್ನಿಸಿದೆ. ಲ್ಯಾಟಿನ್ ಹೆಸರು ಬೇಡವೆಂದಲ್ಲ, ಅದು ಎರಡನೇ ಪ್ಯಾರಾದವರೆಗೆ ಕಾಯಬಲ್ಲದು.

ಇನ್ನೊಂದು, ಈ ಪದವುಗಳಿಗೆ ‘ಬಂಜರು’ ಎಂಬ ಮಾತು ಬಳಸುವುದನ್ನು ಬಿಟ್ಟಿದ್ದೇನೆ. ಬೇಸಿಗೆಯಲ್ಲಿ ಕಾದ ಹೆಂಚಿನಂತಿರುವ ಆ ಕಲ್ಲಿನ ಗುಂಡಿಗಳಲ್ಲಿ ಮಳೆ ಬಿದ್ದೊಡನೆ ನೀರು ನಿಲ್ಲುತ್ತದೆ, ಗೊದಮೊಟ್ಟೆಗಳು ತುಂಬುತ್ತವೆ. ನೀರು ಆರುವ ಮೊದಲು ಅವಕ್ಕೆ ಕಾಲು ಮೂಡಬೇಕು. ತೇವದ ಅಂಚಿನಲ್ಲಿ ಕೀಟ ಹಿಡಿದು ತಿನ್ನುವ ಪುಟ್ಟ ಗಿಡಗಳು ಹೂ ಬಿಡುತ್ತವೆ. ಇದನ್ನು ಪಾಳು ಎಂದು ಕರೆದರೆ ಕಲ್ಲಿನ ಕೋರೆಗೂ ಕಟ್ಟಡಕ್ಕೂ ಕೊಡುವುದು ಸುಲಭವಾಗುತ್ತದೆ. ನನಗೆ ಬಹಳ ನೋವು ಕೊಡುವ ಸಂಗತಿ ಇದು.

ಕಳೆದ ಜೂನ್‌ನಲ್ಲಿ ರಾತ್ರಿ ದೊಡ್ಡಮ್ಮ ಫೋನ್ ಮಾಡಿ, ಅದನ್ನು ಕಿಟಕಿಯ ಹೊರಗೆ ಹಿಡಿದರು. "ಇದು ಜೀರುಂಡೆಯಾ, ನಿನ್ನ ಕಪ್ಪೆಯಾ?" ಮಳೆಯ ಸದ್ದಿನಲ್ಲಿ ಸರಿಯಾಗಿ ಕೇಳಲಿಲ್ಲ. ಟಾರ್ಚ್ ತೆಗೆದುಕೊಂಡು ಹೊರಟೆ.