ಅರ್ಧ ಮುಖಕ್ಕೆ ಮಾತ್ರ ಹಚ್ಚಿ ನೋಡಿದೆ

ಮುಟ್ಟು ನಿಂತ ಮೇಲೆ ನನ್ನ ಚರ್ಮದ ಗುಣವೇ ಬದಲಾಯಿತು. ಈಸ್ಟ್ರೋಜನ್ ಹಾರ್ಮೋನ್ ಇಳಿದಂತೆ ಚರ್ಮದ ಎಣ್ಣೆಯಂಶವೂ, ಚರ್ಮವನ್ನು ಬಿಗಿಯಾಗಿಡುವ ಪ್ರೋಟೀನಾದ ಕೊಲಾಜನ್ನೂ ಕಡಿಮೆಯಾಗುತ್ತವೆ. ಮುಖ ತೊಳೆದು ಐದು ನಿಮಿಷಕ್ಕೆ ಕೆನ್ನೆ ಬಿಗಿಯುತ್ತಿತ್ತು, ಮೂಗಿನ ಪಕ್ಕ ಸಿಪ್ಪೆ ಏಳುತ್ತಿತ್ತು. ದುಬಾರಿ ಸುಕ್ಕಿನ ಕ್ರೀಮ್ ಬೇಡ, ಕೈಗೆಟಕುವಂಥದ್ದನ್ನೇ ಸರಿಯಾಗಿ ಪರೀಕ್ಷಿಸೋಣ ಅಂದುಕೊಂಡೆ.

ಮೊದಲು ಡಬ್ಬಿಯ ಹಿಂಭಾಗ ಓದಿದೆ. ಪದಾರ್ಥಗಳನ್ನು ಹೆಚ್ಚಿನ ಪ್ರಮಾಣದಿಂದ ಕಡಿಮೆಯತ್ತ ಬರೆದಿರುತ್ತಾರೆ. ಶೇ 1ಕ್ಕಿಂತ ಕಡಿಮೆ ಇರುವವನ್ನು ಮಾತ್ರ ಹೇಗೆ ಬೇಕಾದರೂ ಜೋಡಿಸಬಹುದು. ನಾನು ಆರಿಸಿದ್ದರಲ್ಲಿ ಗ್ಲಿಸರಿನ್, ನಯಾಸಿನಮೈಡ್ (ವಿಟಮಿನ್ ಬಿ3ಯ ಒಂದು ರೂಪ) ಮೇಲ್ಗಡೆಯೇ ಇದ್ದವು, ಚರ್ಮದ ತೇವ ಹೊರಹೋಗದಂತೆ ತಡೆಯುವ ಕೊಬ್ಬಾದ ಸೆರಮೈಡ್ ಇತ್ತು, ಸುಗಂಧ ಇರಲಿಲ್ಲ. ‘ಕೊಲಾಜನ್’ ಎಂದು ದೊಡ್ಡಕ್ಷರದಲ್ಲಿ ಬರೆದಿದ್ದ ಇನ್ನೊಂದನ್ನು ಬಿಟ್ಟೆ. ಕೊಲಾಜನ್ ಅಣು ಬಹಳ ದೊಡ್ಡದು, ಮೇಲೇ ಕೂತು ತೇವ ಹಿಡಿಯುತ್ತದೆಯೇ ಹೊರತು ಒಳಗಿನ ಕೊಲಾಜನ್ನಿಗೆ ಸೇರುವುದಿಲ್ಲ.

ಒಂದು ವಾರ ಮೊಣಕೈ ಒಳಭಾಗಕ್ಕೆ ಹಚ್ಚಿದೆ. ತುರಿಕೆ ಬರಲಿಲ್ಲ. ಆಮೇಲೆ ಮುಖದ ಎಡಭಾಗಕ್ಕೆ ಹೊಸದು, ಬಲಭಾಗಕ್ಕೆ ನನ್ನ ಹಳೆಯ ಸಾದಾ ಕ್ರೀಮು, 12 ವಾರ. ಎರಡೂ ಕಡೆ ಮುಖ ಒದ್ದೆಯಿದ್ದಾಗಲೇ ಹಚ್ಚುವುದು, ಬೆಳಗ್ಗೆ ಮೇಲೊಂದು ಎಸ್‌ಪಿಎಫ್ 30 ಸನ್‌ಸ್ಕ್ರೀನ್. ಬಿಸಿಲನ್ನು ತಡೆಯದೆ ಸುಕ್ಕಿನ ಕ್ರೀಮ್ ಹಚ್ಚುವುದರಲ್ಲಿ ನನಗೆ ನಂಬಿಕೆಯಿಲ್ಲ.

ಮೊದಲ ದಿನವೇ ಮೋಸಹೋಗಿದ್ದೆ. ಹಚ್ಚಿ ಇಪ್ಪತ್ತು ನಿಮಿಷಕ್ಕೆ ಎಡಗಣ್ಣಿನ ಕೆಳಗಿನ ಸಣ್ಣ ಗೆರೆಗಳು ಮಾಯವಾಗಿದ್ದವು. ಮಧ್ಯಾಹ್ನದ ಹೊತ್ತಿಗೆ ಮತ್ತೆ ಹಾಜರು. ನೀರು ಕುಡಿದು ಉಬ್ಬಿದ ಚರ್ಮ ಅದು, ಅಷ್ಟೆ. ಅಲ್ಲಿಂದ ಮುಂದೆ ಹಚ್ಚಿದ ತಕ್ಷಣ ನೋಡುವುದನ್ನೇ ಬಿಟ್ಟೆ. ಎದ್ದ ಕೂಡಲೇ, ಮುಖ ತೊಳೆಯುವ ಮೊದಲು, ಅದೇ ಕಿಟಕಿಯ ಪಕ್ಕ, ನಗದೆ ಒಂದು ಫೋಟೊ. ನಕ್ಕರೆ ಗೆರೆಗಳ ಲೆಕ್ಕ ತಪ್ಪುತ್ತದೆ.

ಎರಡನೇ ವಾರಕ್ಕೆ ಎಡಗಡೆ ಸಿಪ್ಪೆ ನಿಂತಿತು, ಬಲಗಡೆ ಉಳಿದಿತ್ತು. ಎಂಟನೇ ವಾರದ ಫೋಟೊದಲ್ಲಿ ಎಡಗೆನ್ನೆಯ ಬಣ್ಣ ಸ್ವಲ್ಪ ಸಮನಾಗಿ ಕಂಡಿತು. ಒಣಗಿ ಮೂಡಿದ್ದ ಗೆರೆಗಳು ತೆಳುವಾದವು. ಹುಬ್ಬುಗಳ ನಡುವಿನ ಆಳದ ಗೆರೆ ಮಾತ್ರ 12 ವಾರವೂ ಕದಲಲಿಲ್ಲ; ಸ್ನಾಯು ಮಡಚಿ ಮಡಚಿ ಆದ ಗೆರೆಯನ್ನು ತೇವದ ಕ್ರೀಮ್ ಅಳಿಸಲಾರದು. ಒಂದು ತೊಂದರೆಯೂ ಇತ್ತು: ಹಚ್ಚಿದ ಕೂಡಲೇ ಸನ್‌ಸ್ಕ್ರೀನ್ ಹಾಕಿದರೆ ಎರಡೂ ಸೇರಿ ಸಣ್ಣ ಸುರುಳಿಗಳಾಗಿ ಉದುರುತ್ತಿದ್ದವು. ಹತ್ತು ನಿಮಿಷ ಬಿಟ್ಟು ಹಾಕಿದರೆ ಸರಿಹೋಗುತ್ತಿತ್ತು.

ಈಗ ಮುಖದ ಎರಡೂ ಕಡೆಗೆ ಅದನ್ನೇ ಹಚ್ಚುತ್ತಿದ್ದೇನೆ. ಬೆಲೆ ಕಡಿಮೆ ಇರುವುದರಿಂದ ಕೈ ಬಿಗಿ ಹಿಡಿಯದೆ ಕುತ್ತಿಗೆಗೂ ಬಳಿಯುತ್ತೇನೆ.